ಓಟಿ ಚೆಕ್‌ಲಿಸ್ಟ್ ಭರ್ತಿಯಾದರೂ ಟೀಮ್ ಯಾಕೆ ಮಾತಾಡುವುದಿಲ್ಲ?

ನಿಮ್ಮ ಆಪರೇಷನ್ ಥಿಯೇಟರ್‌ಗೆ (ಓಟಿ) ಸರ್ಜಿಕಲ್ ಚೆಕ್‌ಲಿಸ್ಟ್, ಅಂದರೆ ಶಸ್ತ್ರಚಿಕಿತ್ಸೆಯ ವೇಳೆ ಒಂದೊಂದನ್ನೂ ಖಚಿತಪಡಿಸಿಕೊಳ್ಳುವ ಪಟ್ಟಿ, ತಂದು ವರ್ಷವಾಯಿತು, ಫಾರಂಗಳೆಲ್ಲ ಭರ್ತಿಯಾಗುತ್ತಿವೆ, ಆದರೂ ಮಾಪ್ (ಗಾಯದೊಳಗೆ ರಕ್ತ ಹೀರಲು ಇಡುವ ಬಟ್ಟೆ) ಲೆಕ್ಕ ತಪ್ಪುತ್ತದೆ, ಸಿಸ್ಟರ್‌ಗಳು ಬಾಯಿ ಬಿಡುವುದಿಲ್ಲ. ಇದಕ್ಕೆ ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ.

ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಇದು 2009ರ ಫಲಿತಾಂಶ. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಚೆಕ್‌ಲಿಸ್ಟ್ ಜಾರಿಗೆ ತಂದ ಮೇಲೆ ನೋಡಿದರೆ (2014) ಗಮನಾರ್ಹ ಇಳಿಕೆಯೇ ಇಲ್ಲ. ಜಾರಿಗೆ ತಂದ ರೀತಿಯಲ್ಲೇ ವ್ಯತ್ಯಾಸ ಇದೆ ಎಂದು ಹಲವರು ವಾದಿಸುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ.

ಕೊಯ್ಯುವ ಮುಂಚಿನ ಟೈಮ್ ಔಟ್, ಅಂದರೆ ಎಲ್ಲರೂ ಕೆಲಸ ನಿಲ್ಲಿಸಿ ಪಟ್ಟಿ ಪರಿಶೀಲಿಸುವ ಹೊತ್ತು, ನೋಡಿ. ಡ್ರೇಪ್ (ರೋಗಿಯ ಮೇಲೆ ಹೊದಿಸುವ ಶುದ್ಧೀಕರಿಸಿದ ಬಟ್ಟೆ) ಹಾಕುವ ಹೊತ್ತಿಗೇ ಟಿಕ್ ಬಿದ್ದಿರುತ್ತದೆ, ಅನಸ್ತೇಶಿಯಾ ಡಾಕ್ಟರ್ ಮಾನಿಟರ್ ಕಡೆ ತಿರುಗಿರುತ್ತಾರೆ, ಸರ್ಜನ್ ಬಂದವರೇ ‘ನೈಫ್’ ಅನ್ನುತ್ತಾರೆ. ಒಂದು ನಿಯಮ ಮಾಡಿ: ಟೈಮ್ ಔಟ್ ಮುಗಿಯುವ ತನಕ ಬ್ಲೇಡ್ ಟ್ರಾಲಿಯಿಂದ ಏಳಬಾರದು. ಸರ್ಕ್ಯುಲೇಟಿಂಗ್ ಸಿಸ್ಟರ್ (ಟೇಬಲ್‌ನ ಆಚೆ ಓಡಾಡಿ ಬೇಕಾದ್ದನ್ನು ಒದಗಿಸುವ ನರ್ಸ್) ಪಟ್ಟಿಯನ್ನು ಜೋರಾಗಿ ಓದಲಿ, ದಿನಾ ಮುಖ ನೋಡುವವರೇ ಆದರೂ ಎಲ್ಲರೂ ಹೆಸರು, ಕೆಲಸ ಹೇಳಲಿ. ಆರಂಭದಲ್ಲೇ ಒಮ್ಮೆ ದನಿ ತೆಗೆದವರಿಗೆ ಆಮೇಲೆ ಮಾತಾಡುವುದು ಸಲೀಸು. ‘ಆಂಟಿಬಯಾಟಿಕ್ ಆಯ್ತಾ?’ ಅಂದರೆ ‘ಆಯ್ತು’ ಸಾಲದು, ‘ಸೆಫಜೋಲಿನ್, 9.10ಕ್ಕೆ’ ಅನ್ನಬೇಕು. ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಅದು ಹೋಗಿರಬೇಕಲ್ಲ.

ಇನ್ನು ಸಿಸ್ಟರ್‌ಗಳ ಮೌನ. ಮಾಪ್ ಒಂದು ಕಡಿಮೆ ಅಂದಾಗ ‘ಸರಿಯಾಗಿ ಎಣಿಸಮ್ಮ’ ಅನ್ನಿಸಿಕೊಂಡವರು ಮುಂದಿನ ಸಲ ಯಾಕೆ ಹೇಳುತ್ತಾರೆ? ಅವರಿಗೆ ಧೈರ್ಯದ ಕ್ಲಾಸು ತೆಗೆದುಕೊಳ್ಳುವುದು ಬಹುಪಾಲು ದಂಡ. ತರಬೇತಿ ಮೊದಲು ಸರ್ಜನ್‌ಗೆ ಬೇಕು. ಹೃದಯದ ಹೊಸ ಶಸ್ತ್ರಚಿಕಿತ್ಸೆಯೊಂದನ್ನು 16 ಆಸ್ಪತ್ರೆಗಳು ಹೇಗೆ ಕಲಿತವು ಎಂದು ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ ಮತ್ತು ಸಂಗಡಿಗರು ನೋಡಿದಾಗ, ಮಾತಿಗೆ ಜಾಗ ಕೊಟ್ಟ ಸರ್ಜನ್‌ಗಳ ಟೀಮ್‌ಗಳೇ ಚೆನ್ನಾಗಿ ಕಲಿತಿದ್ದವು. ಹಾಗಾಗಿ ಎರಡೂ ಕಡೆಯ ಮಾತನ್ನು ಮೊದಲೇ ಗೊತ್ತು ಮಾಡಿ. ಸಿಸ್ಟರ್: ‘ಸರ್, ಒಂದು ಮಾಪ್ ಕಡಿಮೆ, ಕ್ಲೋಸ್ ಮಾಡಬೇಡಿ.’ ಸರ್ಜನ್: ‘ನಿಲ್ಲಿಸಿದ್ದೀನಿ, ಎಣಿಸಿ.’ ಉತ್ತರ ಬರದಿದ್ದರೆ ಎರಡನೇ ಸಲ ಹೇಳಬೇಕು, ಆಗಲೂ ಬರದಿದ್ದರೆ ಅನಸ್ತೇಶಿಯಾ ಡಾಕ್ಟರ್‌ಗೆ ತಿಳಿಸಬೇಕು. ಬಕೆಟ್, ನೆಲ, ಡ್ರೇಪ್ ಮಡಿಕೆ ಹುಡುಕಿ, ಗಾಯದೊಳಗೂ ನೋಡಿ. ಸಿಗದಿದ್ದರೆ ರೋಗಿ ಟೇಬಲ್ ಮೇಲಿರುವಾಗಲೇ ಎಕ್ಸ್‌ರೇ. ಮಾಪ್‌ನಲ್ಲಿ ಎಕ್ಸ್‌ರೇಗೆ ಕಾಣುವ ಎಳೆ ಇರುವುದು ಇದಕ್ಕೇ.

ಇದೆಲ್ಲ ಶುರುವಾದರೆ ಇನ್ಸಿಡೆಂಟ್ ರಿಪೋರ್ಟ್‌ಗಳು (ಆದ ತಪ್ಪು, ಅವಘಡಗಳ ವರದಿ) ಹೆಚ್ಚುವ ಸಾಧ್ಯತೆಯೇ ಜಾಸ್ತಿ. ಔಷಧ ಕೊಡುವಾಗಿನ ತಪ್ಪುಗಳ ಬಗ್ಗೆ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಳ್ಳೆಯ ಟೀಮ್ ಇದ್ದ ವಾರ್ಡ್‌ಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು, ಮುಚ್ಚಿಡದೆ ಹೇಳುತ್ತಿದ್ದರು ಎಂಬ ಕಾರಣಕ್ಕೆ. ಮೊದಲ ತಿಂಗಳ ಅಂಕಿ ನೋಡಿ ಗಾಬರಿಯಾದ ಮ್ಯಾನೇಜ್‌ಮೆಂಟ್ ಒಂದು ಮೆಮೊ ಕೊಟ್ಟರೂ ಸಾಕು, ರಿಪೋರ್ಟ್ ನಿಂತುಹೋಗುತ್ತದೆ. ಆದ್ದರಿಂದ ಶುರು ಮಾಡುವ ಮುಂಚೆಯೇ ಮೆಡಿಕಲ್ ಸೂಪರಿಂಟೆಂಡೆಂಟ್ ಜೊತೆ ಕೂತು, ಆರು ತಿಂಗಳು ಯಾರಿಗೂ ರಿಪೋರ್ಟ್ ಆಧಾರದ ಮೇಲೆ ಮೆಮೊ ಇಲ್ಲ ಎಂದು ಬರಹದಲ್ಲಿ ಪಡೆಯಿರಿ.