ಹಳೇ ಪೆಟ್ರೋಲ್ ಬಂಕ್ ಪಕ್ಕದ ಸೈಟು: ಬಾವಿ ನೀರು ಕೆಟ್ಟಿದೆಯಾ ಅಂತ ತಿಳಿಯೋದು ಹೇಗೆ?

ನೀವು ಕೇಳಿದ್ದು ಇಷ್ಟು: ಮಂಡ್ಯದ ಹತ್ತಿರ, ನಾಲೆ ಬಯಲಲ್ಲಿ ಒಂದು ಸೈಟು ನೋಡಿದ್ದೀರಿ. ಪಕ್ಕದಲ್ಲಿ ಮುಚ್ಚಿದ ಪೆಟ್ರೋಲ್ ಬಂಕ್. ಸೈಟಿನ ಹಳೇ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ, ಆಗಾಗ ವಾಸನೆ. ಮಾರುವವರು "ನಾಲೆ ಬಿಟ್ಟಾಗ ಮಾತ್ರ ಹಂಗೆ, ಆಮೇಲೆ ಸರಿಹೋಗುತ್ತೆ" ಅಂತಾರೆ. ಟ್ಯಾಂಕು ಸೋರಿದೆಯಾ?

ನಾನು ಮೈಸೂರಿನಲ್ಲಿ ಮಣ್ಣು, ನೀರಿನ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತೇನೆ. ಮಾರುವವರ ಆ ಮಾತೇ ನನಗೆ ಜಾಸ್ತಿ ಅನುಮಾನ ತರಿಸಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಮಾತು. ಬಾವಿಗೆ ಇಳಿಯುವ ಮುಂಚೆ ಗಾಳಿ ಸರಿಯಿದೆಯಾ ನೋಡಲು ದೀಪ ಇಳಿಬಿಡುವುದು ನಮ್ಮಲ್ಲಿ ಹಳೇ ರೂಢಿ. ಈ ಬಾವಿಗೆ ಅದನ್ನು ಮಾಡಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಾವಿಯೊಳಗೆ ತುಂಬಿಕೊಂಡು ಕೂತಿರುತ್ತದೆ. ಬೀಡಿ ಕಿಡಿ ಸಾಕು.

ಇನ್ನು ಆ ಪೊರೆ. ಬಕೆಟ್ಟಿನಲ್ಲಿ ಮೆಲ್ಲಗೆ ನೀರು ಎತ್ತಿ, ಒಂದು ಕಡ್ಡಿ ತಗೊಂಡು ಪೊರೆಯನ್ನು ಕಲಕಿ. ಒಡೆದ ಗಾಜಿನ ಹಾಗೆ ಮೂಲೆಮೂಲೆಯಾಗಿ ತುಂಡಾಗಿ, ತುಂಡು ತುಂಡಾಗಿಯೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ನಿಂತ ನೀರಿನ ಗದ್ದೆ ಮೂಲೆಯಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ? ಕಡ್ಡಿ ತೆಗೆದ ತಕ್ಷಣ ಸುತ್ತಿಕೊಂಡು ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಇದು ಪರೀಕ್ಷೆ ಅಲ್ಲ, ಅಂದಾಜು ಅಷ್ಟೇ. ಆದರೆ ಸುಮ್ನೆ ಹೆದರಿ ಲ್ಯಾಬಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಈಗ ನಾಲೆ ವಿಷಯ. ಪೆಟ್ರೋಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ತೇಲುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುವಾಗ ಬಯಲಿನ ಬಾವಿಗಳೆಲ್ಲ ಏರುತ್ತವೆ, ನಿಂತಾಗ ಇಳಿಯುತ್ತವೆ. ನೀರಿನ ಜೊತೆ ಪೆಟ್ರೋಲೂ ಏರಿಳಿಯುತ್ತಾ, ಅಷ್ಟು ಎತ್ತರದ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಸೋರಿಕೆ ನಿಂತು ವರ್ಷಗಳಾದರೂ, ನೀರು ಏರಿ ಆ ಮಣ್ಣನ್ನು ಮುಟ್ಟಿದಾಗ ವಾಸನೆ ಎದ್ದು ಬರುತ್ತದೆ. ಕೆಲವು ಕಡೆ ಉಲ್ಟಾ: ನೀರು ಇಳಿದಾಗಲೇ ಮಣ್ಣಿನಿಂದ ಪೆಟ್ರೋಲ್ ಬಾವಿಗೆ ಒಸರುತ್ತದೆ. ಹಾಗಾಗಿ ಒಂದು ಸಲದ ಪರೀಕ್ಷೆ ನಂಬಬೇಡಿ. ನಾಲೆ ತುಂಬಿದಾಗ ಒಂದು, ನಿಂತ ಮೇಲೆ ಒಂದು.

ಮಣ್ಣು ಎಲ್ಲಿ ತೆಗೆಯಬೇಕು? ಮೇಲಿನ ಒಂದಡಿ ಮಣ್ಣು ಕಳಿಸಿದರೆ ಪ್ರಯೋಜನ ಇಲ್ಲ. ಟ್ಯಾಂಕಿನ ತಳ ಸಾಮಾನ್ಯವಾಗಿ 10ರಿಂದ 13 ಅಡಿ ಕೆಳಗಿರುತ್ತದೆ. ಅಲ್ಲಿಂದ ನೀರು ಸಿಗುವವರೆಗಿನ ಮಣ್ಣು ಬೇಕು. ಟ್ಯಾಂಕಿಗಿಂತ ಪೈಪಿನ ಜಾಯಿಂಟುಗಳೇ ಸೋರುವುದೂ ಉಂಟು, ಆದ್ದರಿಂದ ಪಂಪು ನಿಂತಿದ್ದ ಜಾಗ ಎಲ್ಲಿ ಅಂತ ಊರಿನವರನ್ನು ಕೇಳಿಟ್ಟುಕೊಳ್ಳಿ. ಮಣ್ಣನ್ನು ಜಿಪ್ ಕವರಿಗೆ ಅರ್ಧ ತುಂಬಿ, ಹತ್ತು ನಿಮಿಷ ಬಿಟ್ಟು, ಪಿಐಡಿ ಮೀಟರಿನ (ಪೆಟ್ರೋಲ್ ಆವಿ ಎಷ್ಟಿದೆ ಅಂತ ತೋರಿಸುವ ಕೈಯಂತ್ರ) ಮೂತಿ ತೂರಿಸಿದರೆ ಯಾವ ಆಳದ್ದನ್ನು ಲ್ಯಾಬಿಗೆ ಕಳಿಸಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ನೀರಿಗೆ ಕನಿಷ್ಠ ಮೂರು ಕಡೆ ಕೊರೆಯಬೇಕು. ಮೂರರ ನೀರಿನ ಮಟ್ಟ ಹೋಲಿಸಿದರೆ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಅಂತ ಸಿಗುತ್ತದೆ. ಕೊರೆದ ಮೂರೂ ಗುಂಡಿಗಳ ಬಾಯಿಯ ಎತ್ತರ ಹೋಲಿಸಲು ಗಾರೆಯವರ ಲೆವೆಲ್ ಪೈಪೇ ಸಾಕು. ಆದರೆ ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ಆಳದಲ್ಲಿ ನೀರು ಬಿರುಕು ಹಿಡಿದು ಹೋಗುತ್ತದೆ, ಇಳಿಜಾರಿನ ಮಾತು ಕೇಳುವುದಿಲ್ಲ. ಪಕ್ಕದಲ್ಲಿ ಯಾರದೋ ಬೋರು ಹಗಲೂ ರಾತ್ರಿ ಓಡುತ್ತಿದ್ದರೆ ಎಲ್ಲವನ್ನೂ ಆ ಕಡೆ ಎಳೆಯುತ್ತದೆ. "ಮೋಟರ್ ಹಾಕಿ ಎರಡು ದಿನ ನೀರು ಹೊಡೆದರೆ ಸ್ವಚ್ಛ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ. ಮಲಿನ ಇನ್ನೂ ಹರಡಬಹುದು, ಸ್ವಿಚ್ಚಿನ ಕಿಡಿ ಬೇರೆ.

ನನ್ನದೇ ಒಂದು ಎಡವಟ್ಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಬಾವಿಯ ನೀರನ್ನು ಮಿನರಲ್ ವಾಟರ್ ಬಾಟಲಿಗೆ ಮುಕ್ಕಾಲು ತುಂಬಿ, ಬೈಕಿನ ಬ್ಯಾಗಿನಲ್ಲಿ ಮಧ್ಯಾಹ್ನದ ಬಿಸಿಲಲ್ಲಿ ತಂದೆ. ವರದಿಯಲ್ಲಿ ಏನೂ ಇಲ್ಲ. ಇರುವುದಾದರೂ ಹೇಗೆ? ಮುಚ್ಚಳ ತೆಗೆದಾಗಲೇ ಪೆಟ್ರೋಲಿನ ಅಂಶ ಹಾರಿಹೋಗಿತ್ತು. 40 ಮಿಲೀ ಗಾಜಿನ ಸೀಸೆ ಬೇಕು. ಉಬ್ಬುವಷ್ಟು ತುಂಬಿ ಮುಚ್ಚಿ, ತಲೆಕೆಳಗೆ ಮಾಡಿದರೆ ಒಂದು ಗುಳ್ಳೆಯೂ ಕಾಣಬಾರದು. ಐಸ್ ಡಬ್ಬದಲ್ಲೇ ಲ್ಯಾಬ್ ತಲುಪಬೇಕು.

ಲ್ಯಾಬಿನಲ್ಲಿ ಬೆಂಜೀನ್, ಟಾಲೂಯಿನ್, ಈಥೈಲ್ ಬೆಂಜೀನ್, ಜೈಲೀನ್ ಕೇಳಿ. ಡೀಸೆಲ್ ಟ್ಯಾಂಕೂ ಇದ್ದರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಕೂಡ. ಮುಖ್ಯವಾದದ್ದು ಬೆಂಜೀನ್, ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದೇ ಗ್ರಾಂ ಬೆಂಜೀನ್ 1 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸುತ್ತದೆ. ಬರೀ ಬೆಂಜೀನ್ ಮೂಗಿಗೆ ತಿಳಿಯಬೇಕಾದರೆ ಆ ಮಿತಿಯ ಸುಮಾರು ಸಾವಿರ ಪಟ್ಟು ಇರಬೇಕು. ವಾಸನೆ ಹೋಯಿತು ಅಂತ ಕುಡಿಯುವ ಹಾಗಿಲ್ಲ. ಕುದಿಸಿದರೆ ಬೆಂಜೀನ್ ಅಡುಗೆಮನೆ ಗಾಳಿಗೆ ಬರುತ್ತದೆ, ಸ್ನಾನದ ಬಿಸಿನೀರೂ ಅಷ್ಟೇ.

ವರದಿ ಕೆಟ್ಟದಾಗಿ ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ಕೊಡಿ, ಅದರ ಒಂದು ನಕಲು ಇಟ್ಟುಕೊಳ್ಳಿ. ಬಂಕ್ ಮುಚ್ಚಿದಾಗ ಟ್ಯಾಂಕು ಎತ್ತಿದರಾ, ಒಳಗೇ ಬಿಟ್ಟರಾ ಅಂತ ಅದರಲ್ಲೇ ಕೇಳಿ. ಎರಡೂ ವರದಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ. ಮತ್ತೆ ಮಾರುವವರು ಬಾವಿ ಮುಚ್ಚಿಸಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಒಳಗೆ ಏನಿದೆ ಅಂತ ನೋಡಲು ಸದ್ಯಕ್ಕೆ ನಿಮಗಿರುವ ಕಿಟಕಿ ಅದೊಂದೇ.