ಇಂಟರ್‌ವ್ಯೂಗೆ ಬಂದ ಕೋಡ್ ತೆರೆಯಬಹುದಾ?

ಪ್ರಶ್ನೆ: ನಾನು ಹಾಸನದವನು. ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಪರಿಚಯವಾದ ಒಬ್ಬರು ಕೋಡಿಂಗ್ ಟೆಸ್ಟ್ ಅಂತ ಒಂದು ರೆಪೊ (ಕೋಡ್ ಫೈಲ್‌ಗಳ ಫೋಲ್ಡರ್) ಕಳಿಸಿದ್ದಾರೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ತೆರೆದರೆ ‘ಈ ಫೈಲ್ ಬರೆದವರನ್ನು ನಂಬುತ್ತೀರಾ?’ ಅಂತ ಕೇಳುತ್ತೆ. ಇಷ್ಟು ದಿನ ಹೌದು ಅಂತಲೇ ಒತ್ತಿದ್ದೇನೆ. ಬರೀ ಫೈಲ್ ತೆರೆದರೆ ಏನಾಗುತ್ತೆ ಸರ್?

ಉತ್ತರ: ಈ ಸಲ ‘ಇಲ್ಲ’ ಅಂತ ಒತ್ತಿ. ಕೋಡ್ ಓದೋಕೆ ಅಷ್ಟು ಸಾಕು.

ರೆಪೊ ಒಳಗೆ ಎಡಿಟರ್‌ಗೆಂದೇ ಒಂದು ಸೆಟ್ಟಿಂಗ್ಸ್ ಫೋಲ್ಡರ್ ಇರಬಹುದು. ‘ಫೋಲ್ಡರ್ ತೆರೆದ ಕೂಡಲೇ ಈ ಕಮಾಂಡ್ ಓಡಿಸು’ ಅಂತ ಅದರಲ್ಲಿ ಬರೆದಿಡಬಹುದು. ದಿನಾ ಬಿಲ್ಡ್ ಮಾಡುವವರ (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವವರ) ಅನುಕೂಲಕ್ಕೆ ಕೊಟ್ಟದ್ದು ಅದು. ಕಳ್ಳನಿಗೂ ಅನುಕೂಲವೇ ಆಯ್ತು. ನೀವು ಹೇಳಿದ ಪ್ರಶ್ನೆಯನ್ನು 2021ರಲ್ಲಿ ಮೈಕ್ರೋಸಾಫ್ಟ್ ಸೇರಿಸಿದ್ದು ಇಂಥದ್ದನ್ನು ತಡೆಯೋಕೆ. ‘ಇಲ್ಲ’ ಅಂತ ಒತ್ತಿದರೆ ಟಾಸ್ಕ್ (ಹೀಗೆ ಬರೆದಿಟ್ಟ ಕಮಾಂಡ್), ಡಿಬಗ್ (ತಪ್ಪು ಹುಡುಕಲು ಕೋಡ್ ಓಡಿಸೋದು) ನಡೆಯಲ್ಲ, ಎಡಿಟರ್‌ಗೆ ಸೇರಿಸಿಕೊಂಡ ಹಲವು ಎಕ್ಸ್‌ಟೆನ್ಶನ್‌ಗಳೂ ಸುಮ್ಮನಿರುತ್ತವೆ. ಆದರೆ ಪ್ರತಿ ಫೋಲ್ಡರ್‌ಗೂ ಕೇಳಿದರೆ ಯಾರು ಯೋಚನೆ ಮಾಡಿ ಒತ್ತುತ್ತಾರೆ? ಹಾಗಾಗಿ ತಪ್ಪು ಪೂರ್ತಿ ನಿಮ್ಮದೂ ಅಲ್ಲ.

ಇದಕ್ಕಿಂತ ದೊಡ್ಡ ಬಾಗಿಲು ‘ಎನ್‌ಪಿಎಂ ಇನ್‌ಸ್ಟಾಲ್’. ಜಾವಾಸ್ಕ್ರಿಪ್ಟ್ ಕೋಡ್‌ಗೆ ಬೇಕಾದ, ಬೇರೆಯವರು ಬರೆದ ಪ್ಯಾಕೇಜ್‌ಗಳನ್ನು ತರಿಸುವ ಕಮಾಂಡ್ ಅದು. ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗುವಾಗಲೇ ತಮ್ಮ ಸ್ಕ್ರಿಪ್ಟ್ ಓಡಿಸಬಹುದು. ನೀವು ಇನ್ನೂ ಒಂದು ಸಾಲೂ ರನ್ ಮಾಡಿರಲ್ಲ, ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತೆ. 2021ರ ಅಕ್ಟೋಬರ್‌ನಲ್ಲಿ ‘ಯುಎ-ಪಾರ್ಸರ್-ಜೆಎಸ್’ ಅನ್ನೋ ಪ್ಯಾಕೇಜ್‌ಗೆ ಹೀಗೇ ಆಯ್ತು. ವಾರಕ್ಕೆ ಲಕ್ಷಗಟ್ಟಲೆ ಡೌನ್‌ಲೋಡ್ ಆಗುವ, ಒಳ್ಳೆಯ ಹೆಸರಿದ್ದ ಪ್ಯಾಕೇಜ್ ಅದು. ಅದನ್ನು ನೋಡಿಕೊಳ್ಳುತ್ತಿದ್ದವರ ಅಕೌಂಟ್ ಕದ್ದು, ಕ್ರಿಪ್ಟೋ ಮೈನಿಂಗ್ ಮಾಡುವ, ಪಾಸ್‌ವರ್ಡ್ ಕದಿಯುವ ಕೋಡನ್ನು ಮೂರು ವರ್ಶನ್‌ಗಳಲ್ಲಿ ತುರುಕಿದ್ದರು. ‘ಇಗ್ನೋರ್-ಸ್ಕ್ರಿಪ್ಟ್ಸ್’ ಅಂತ ಸೇರಿಸಿ ಇನ್‌ಸ್ಟಾಲ್ ಮಾಡಿದರೆ ಈ ದಾರಿ ಮುಚ್ಚುತ್ತೆ. ಆದರೆ ಪ್ರೋಗ್ರಾಂ ರನ್ ಮಾಡಿದಿರೋ, ಅದರೊಳಗೆ ಅಡಗಿದ್ದದ್ದು ಎದ್ದು ಕೂರುತ್ತೆ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಬಂದದ್ದು ‘ಕೋಡಿಂಗ್ ಟೆಸ್ಟ್’ ಅನ್ನೋ ಮಾತಿಗೆ. ಕೆಲಸ ಹುಡುಕುವ ಡೆವಲಪರ್‌ಗಳಿಗೆ ಸುಳ್ಳು ಇಂಟರ್‌ವ್ಯೂ ಗಾಳ ಹಾಕುವ ಜಾಲವೊಂದರ ಬಗ್ಗೆ ಸೈಬರ್ ಸುರಕ್ಷತಾ ಕಂಪನಿ ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನ ತಂಡ 2023ರ ನವೆಂಬರ್‌ನಲ್ಲಿ ವರದಿ ಮಾಡಿತ್ತು. ಅದರ ಹಿಂದೆ ಉತ್ತರ ಕೊರಿಯಾದವರು ಇದ್ದಾರೆ ಅಂತ ಅವರ ಲೆಕ್ಕ. ಟೆಸ್ಟ್ ಅಂತ ಕೋಡ್ ಕೊಡೋದು, ರನ್ ಮಾಡಿಸೋದು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕ್ರಿಪ್ಟೋ ವಾಲೆಟ್ ಬಾಚಿಕೊಳ್ಳೋದು. ಕೆಲಸ ಬೇಕು ಅನ್ನೋ ಆತುರದಲ್ಲಿ ಎದುರಿನವರನ್ನು ಪ್ರಶ್ನೆ ಮಾಡೋಕೆ ಯಾರಿಗಾದರೂ ಮುಜುಗರ, ಅಲ್ವಾ? ಅದೇ ಅವರ ಬಂಡವಾಳ.

ಕೋಡ್ ಕಳಿಸಿದವರು ಯಾವ ಕಂಪನಿಯ ಹೆಸರು ಹೇಳುತ್ತಾರೋ ಅದರ ಅಧಿಕೃತ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ಬರೆದು, ಇಂಥವರು ನಿಮ್ಮವರೇನಾ ಅಂತ ಕೇಳಿ. ರನ್ ಮಾಡಲೇಬೇಕು ಅಂದರೆ ವರ್ಚುವಲ್ ಮೆಷೀನ್ (ಕಂಪ್ಯೂಟರ್ ಒಳಗೇ ಬೇರೆಯಾಗಿ ಓಡುವ ಇನ್ನೊಂದು ಕಂಪ್ಯೂಟರ್) ಒಳಗೆ ಮಾಡಿ. ಅದರಲ್ಲಿ ನಿಮ್ಮ ಯಾವ ಅಕೌಂಟಿಗೂ ಲಾಗಿನ್ ಆಗಬೇಡಿ, ನಿಮ್ಮ ಫೋಲ್ಡರ್‌ಗಳನ್ನೂ ಹಂಚಿಕೊಳ್ಳಬೇಡಿ. ಈಗಾಗಲೇ ರನ್ ಆಗಿದ್ದರೆ ಫೋಲ್ಡರ್ ಡಿಲೀಟ್ ಮಾಡಿ ಕೂತರೆ ಸಾಲದು. ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಿರಿ. ಬೇರೆ ಕಂಪ್ಯೂಟರ್‌ನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆ ಲಾಗೌಟ್ ಮಾಡಿ, ಪಾಸ್‌ವರ್ಡ್ ಬದಲು ಬಳಸುವ ಗಿಟ್‌ಹಬ್ ಟೋಕನ್, ಎಸ್‌ಎಸ್‌ಎಚ್ ಕೀ ರದ್ದು ಮಾಡಿ. ಆಮೇಲೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಓಎಸ್ ಹೊಸದಾಗಿ ಹಾಕಿ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ ವಿಂಡೋಸ್, ಗಿಟ್ (ರೆಪೊಗಳನ್ನು ನಿಭಾಯಿಸುವ ಸಾಫ್ಟ್‌ವೇರ್) ತುಂಬ ಹಳೆಯದು. ಕ್ಲೋನ್ ಮಾತ್ರ ಮಾಡ್ತೀವಿ, ಅಂದರೆ ರೆಪೊ ನಕಲು ಇಳಿಸಿಕೊಳ್ತೀವಿ. ತೊಂದರೆ ಇಲ್ಲ ತಾನೇ?

ಉತ್ತರ: ಇದೆ. ಗಿಟ್‌ನಲ್ಲಿ 2024ರ ಮೇನಲ್ಲಿ ಸರಿಪಡಿಸಿದ ಒಂದು ದೋಷವನ್ನೇ ನೋಡಿ. ವಿಂಡೋಸ್, ಮ್ಯಾಕ್‌ಗಳಲ್ಲಿ ಸಬ್‌ಮಾಡ್ಯೂಲ್ (ರೆಪೊ ಒಳಗೆ ಸೇರಿಸಿದ ಇನ್ನೊಂದು ರೆಪೊ) ಸಮೇತ ಕ್ಲೋನ್ ಮಾಡುವಾಗಲೇ ಪರರ ಕೋಡ್ ಓಡುವ ಸಾಧ್ಯತೆ ಇತ್ತು. ಗಿಟ್‌ನ 2.45.1 ಅಥವಾ ಅದಕ್ಕಿಂತ ಹೊಸ ವರ್ಶನ್ ಹಾಕಿಸಿ ಅಂತ ಲ್ಯಾಬ್‌ನವರಿಗೆ ಹೇಳಿ.