ಸೌಂಡ್‌ಬಾರ್ ವಾಪಸ್ ಕೊಡಬೇಡಿ, ಮೊದಲು ಕೇಬಲ್ ಹಾಕಿ ನೋಡಿ

ಜಮಖಂಡಿಯವರೇ, ಹೊಸ ಸೌಂಡ್‌ಬಾರ್‌ನಲ್ಲಿ (ಟಿವಿ ಮುಂದಿಡುವ ಉದ್ದನೆ ಸ್ಪೀಕರ್) ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ, ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಬ್ಲೂಟೂತ್‌ನಲ್ಲಿ ಜೋಡಿಸಿದ್ದೀರಲ್ಲ, ತೊಂದರೆ ಅಲ್ಲೇ ಇರೋದು. ಟಿವಿ ಸದ್ದಿನ ಡೇಟಾವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತದೆ, ಬಾರ್ ಅದನ್ನು ಬಿಚ್ಚಿ ನುಡಿಸುತ್ತದೆ. ಅಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತದೆ. ವಿಜಯಪುರದ ನಮ್ಮ ಮನೆಯಲ್ಲೂ ಇದೇ ಕಥೆ. ವಾರ್ತೆ ನೋಡುತ್ತಿದ್ದ ಅವ್ವ, "ಈಕಿ ಗೋಳಗುಮ್ಮಟದಾಗ ಕುಂತು ಓದಾಕತ್ತಾಳೇನು?" ಅಂದಳು.

ಟಿವಿ ಹಿಂದೆ ಟಾರ್ಚ್ ಹಿಡಿದು ನೋಡಿ. ಎಚ್‌ಡಿಎಂಐ (HDMI, ಚಿತ್ರ ಮತ್ತು ಸದ್ದು ಎರಡನ್ನೂ ಒಯ್ಯುವ ಕೇಬಲ್) ಕಿಂಡಿಗಳಲ್ಲಿ ಒಂದರ ಪಕ್ಕ ಎಆರ್‌ಸಿ (ARC) ಅಥವಾ ಇಎಆರ್‌ಸಿ (eARC) ಎಂದಿರುತ್ತದೆ. ಟಿವಿಯ ಸದ್ದನ್ನು ಬಾರ್‌ಗೆ ಕಳಿಸುವ ಕಿಂಡಿ ಅದೇ. ಬಾರ್‌ನಲ್ಲೂ ಅದೇ ಹೆಸರಿನ ಕಿಂಡಿ ಇರಬೇಕು. ಎಚ್‌ಡಿಎಂಐ ಕೇಬಲ್ ಅವೆರಡಕ್ಕೇ ಹಾಕಿ. ನಾನು ಪಕ್ಕದ್ದಕ್ಕೆ ಹಾಕಿ ಅರ್ಧ ತಾಸು ಸುಮ್ನೆ ಅಂಗಡಿಯವನಿಗೆ ಬೈದಿದ್ದೆ! ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ (CEC, ಒಂದೇ ರಿಮೋಟಿನಿಂದ ಎರಡನ್ನೂ ನಡೆಸುವ ಸೌಲಭ್ಯ) ಆನ್ ಮಾಡಿ. ಟಿವಿ ರಿಮೋಟಿನಿಂದಲೇ ಬಾರ್‌ನ ಸದ್ದು ಏರಿಸಬಹುದು, ಇಳಿಸಬಹುದು.

ಎಆರ್‌ಸಿ ಬಂದಿದ್ದು 2009ರಲ್ಲಿ, ಎಚ್‌ಡಿಎಂಐನ 1.4 ಆವೃತ್ತಿಯ ಜೊತೆ. ತೀರಾ ಹಳೇ ಟಿವಿ ಅಲ್ಲದಿದ್ದರೆ ಸಾಮಾನ್ಯವಾಗಿ ಇರುತ್ತದೆ. ಇಲ್ಲವಾ? ಆಪ್ಟಿಕಲ್ ಕೇಬಲ್ (ಸದ್ದನ್ನು ಬೆಳಕಾಗಿ ಒಯ್ಯುವ ಕೇಬಲ್) ತನ್ನಿ. ಅದರಲ್ಲಿ ಅಟ್ಮಾಸ್ (ಸದ್ದು ಸುತ್ತಲಿಂದ, ಮೇಲಿಂದ ಬಂದಂತೆ ಕೇಳಿಸುವ ತಂತ್ರ) ಬರೋದಿಲ್ಲ, ಆದರೆ ವಾರ್ತೆ, ಧಾರಾವಾಹಿಗೆ ಅದು ಯಾಕೆ ಬೇಕು ಹೇಳಿ.